ಹಲಗಲಿಯ ಲಾವಣಿಯ ಮೂಲ

1858ರಲ್ಲಿ ಮುಂಡರಗಿ ಭೀಮರಾಯನು ಕೊಪ್ಪಳದ ಕೋಟೆಯಲ್ಲಿ ಮಡಿದ ಸಂಗತಿಯನ್ನು ಗಿಣಿಗೇರಾ, ಕೊಪ್ಪಳದ ಕಡೆಯ ವಾಚಕರು ಬಲ್ಲರು. ಅದಕ್ಕೆ ಕೆಲವೇ ತಿಂಗಳ ಹಿಂದೆ, 1857ರ ನವೆಂಬರಿನಲ್ಲಿ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧಗಳನ್ನೊಪ್ಪಿಸಬೇಕೆಂಬ ಕಾಯಿದೆಗೆ ಮಣಿಯದೆ, ಆಂಗ್ಲರ ದಂಡಿನೊಡನೆ ಕಾದಿ ನಾಶಹೊಂದಿದರು. ಆ ಕಥೆಯನ್ನು ಜನರ ನಾಲಗೆಯ ಮೇಲೆ ಉಳಿಸಿದುದು ಒಂದು ಲಾವಣಿ.

ಅದನ್ನು ಅಚ್ಚಿಗೆ ಕೊಟ್ಟವರು ಅದೇ ಆಂಗ್ಲ ಆಡಳಿತದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟರೆಂಬುದು ವಿಚಿತ್ರವಾದರೂ ನಿಜ. ಶಾಸನಗಳನ್ನೋದಿ ಕರ್ಣಾಟಕದ ರಾಜವಂಶಗಳ ಚರಿತ್ರೆಯನ್ನು ಬರೆದ ಆ ಪಂಡಿತರು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಮುಂದೆ ಬಿ. ಎಸ್. ಗದ್ದಗಿಮಠರ ಜನಪದ ಗೀತಸಂಗ್ರಹದ ಮೂಲಕ ಈ ಲಾವಣಿಯು ಶಾಲೆಯ ಪಠ್ಯಪುಸ್ತಕವನ್ನೂ ಸೇರಿತು.

ಆದರೆ ಮೂಲವನ್ನರಸುವವನು ಅಚ್ಚಿನ ಪುಸ್ತಕಕ್ಕಿಂತ ಹಾಡಿನ ಕೊನೆಯನ್ನೇ ನೋಡತಕ್ಕದ್ದು. ಅಲ್ಲಿ ಕುರ್ತಕೋಟಿಯ ಕಲ್ಮೇಶನ ದಯೆಯ ಸ್ಮರಣೆಯಿದೆ. ಕುರ್ತಕೋಟಿಯಿರುವುದು ಗದಗಿನ ಸೀಮೆಯಲ್ಲಿ, ಹಲಗಲಿಯಾದರೋ ಬಹುದೂರ. ಕವಿಯು ಆ ಸೀಮೆಯವನೆಂದೂ, ಸುದ್ದಿಯು ಅಷ್ಟು ದೂರ ನಡೆದು ಹಾಡಾಯಿತೆಂದೂ ಊಹಿಸುವುದು ಯುಕ್ತವಾಗಿದೆ.

ಕಾಳಗದ ವರ್ಣನೆಗಿಂತ ಸುಲಿಗೆಯ ವರ್ಣನೆಯೇ ಇದರಲ್ಲಿ ಹೆಚ್ಚು ಮನಮುಟ್ಟುವುದು. ದಂಡಿನವರು ಊರಿಗೆ ಕಿಚ್ಚಿಟ್ಟು, ಕೊಡಲಿ, ಬೆಣ್ಣೆ, ಉಪ್ಪು, ಜೀರಿಗೆ, ಗಂಗಳ, ಮಂಗಳಸೂತ್ರ, ಕಡೆಗೆ ಬೀಸುವ ಕಲ್ಲನ್ನು ಸಹ ಬಿಡದೆ ಒಯ್ದರೆಂದು ಲಾವಣಿಕಾರನು ಒಂದೊಂದಾಗಿ ಎಣಿಸಿ ಹೇಳಿದ್ದಾನೆ.