ಕೆರೆ, ದೋಣಿ ಮತ್ತು ನಮ್ಮ ಗೇಟು

ಭಾನುವಾರದ ಪತ್ರಿಕೆಯನ್ನು ಬಿಡಿಸಿದೊಡನೆ ಒಳಗಿನಿಂದ ಬಣ್ಣದ ಕರಪತ್ರಗಳು ಉದುರುವುದು ನಾಚಾರಂನ ನಮ್ಮೆಲ್ಲರ ಮನೆಗಳಲ್ಲೂ ಮಾಮೂಲು. ಅವುಗಳಲ್ಲಿ ಒಂದಾದರೂ ಕೆರೆ ಕಾಣುವ ಮನೆಯ ಜಾಹೀರಾತಾಗಿರುತ್ತದೆ. ಸುತ್ತ ಎತ್ತರದ ಕಾಂಪೌಂಡು, ಗೇಟಿನಲ್ಲಿ ಕಾವಲುಗಾರ, ಬಾಲ್ಕನಿಯ ಮುಂದೆ ನೀಲಿ ನೀರು, ನೀರಿನ ಮೇಲೆ ಬಿಳಿ ಹಾಯಿಯ ದೋಣಿ. ಚಿತ್ರ ನೋಡಿದರೆ ಯಾರಿಗೆ ತಾನೆ ಆಸೆಯಾಗದು? ಹುಟ್ಟೂರಿನ ಕೆರೆಯ ಏರಿಯನ್ನು ಬಿಟ್ಟು ಈ ಮಹಾನಗರಕ್ಕೆ ಬಂದು ನೆಲೆಸಿದ ನಮಗಂತೂ ಬಾಗಿಲು ತೆರೆದರೆ ನೀರು ಕಾಣುವ ಮನೆ ಎಂದರೆ ಕಳೆದುಕೊಂಡದ್ದು ಮರಳಿ ಸಿಕ್ಕಿದಂತೆ. ಆದರೆ ಮುಂಗಡ ಹಣ ಕೊಡುವ ಮೊದಲು ಈ ಊರಿನಲ್ಲಿ ನೀರಿಗೂ ಮನೆಗೂ ದೋಣಿಗೂ ಇರುವ ನಂಟಿನ ಇತಿಹಾಸವನ್ನು ಸ್ವಲ್ಪ ತಿರುವಿ ನೋಡುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ದೋಣಿಯಿರುವ ಇಂಥ ಕಾವಲು ವಸತಿಗೆ ಪರದೇಶಗಳಲ್ಲಿ ಮರೀನಾ ಎಂಬ ಹೆಸರು. ಮರೀನಾ ಎಂದೊಡನೆ ನಮಗೆ ನೆನಪಾಗುವುದು ಮದರಾಸಿನ ಕಡಲತೀರ; ಆದರೆ ದೋಣಿಗಳನ್ನು ಕಟ್ಟಿಹಾಕುವ ತಾಣಕ್ಕೂ ಅದೇ ಹೆಸರು. ಅಮೆರಿಕದ ಫ್ಲಾರಿಡಾದಲ್ಲಿ ಫೋರ್ಟ್ ಲಾಡರ್‌ಡೇಲ್ ಎಂಬ ಪಟ್ಟಣವಿದೆ. ಅಲ್ಲಿ 1920ರ ದಶಕದಲ್ಲಿಯೇ ಜೌಗು ನೆಲವನ್ನು ಕೈಬೆರಳುಗಳಂತೆ ಸೀಳಿ, ಬೆರಳ ಸಂದುಗಳಲ್ಲಿ ಕಾಲುವೆ ತೋಡಿ, ಒಂದೊಂದು ಮನೆಯ ಹಿತ್ತಿಲಿಗೂ ನೀರು ಬರುವಂತೆ ಮಾಡಿದರು. ಫ್ರಾನ್ಸಿನಲ್ಲಿ ಫ್ರಾಂಸ್ವಾ ಸ್ಪೋರಿ ಎಂಬ ವಾಸ್ತುಶಿಲ್ಪಿ 1966ರಲ್ಲಿ ಮೆಡಿಟರೇನಿಯನ್ ಕಡಲಂಚಿನ ಜೌಗಿನಲ್ಲಿ ಪೋರ್ಟ್ ಗ್ರಿಮೋ ಎಂಬ ಊರನ್ನೇ ಹೀಗೆ ಕಟ್ಟತೊಡಗಿದ. ಅಲ್ಲಿ ಕಾರು ಊರ ಹೊರಗೆ, ದೋಣಿ ಮನೆಯ ಬಾಗಿಲಲ್ಲಿ. ಹಣವಂತರ ವಿನೋದ ಎನ್ನಿ; ಜೌಗಿನ ಹಕ್ಕಿ ಮೀನುಗಳ ಗತಿ ಏನಾಯಿತೆಂಬುದೂ ಬೇರೆ ಮಾತು. ಆದರೂ ಒಂದು ಸಂಗತಿಯನ್ನು ಗಮನಿಸಬೇಕು. ಅಲ್ಲಿ ಮನೆ ಕಟ್ಟುವವರು ಮೊದಲು ನೆಲವನ್ನು ಅಗೆದು ನೀರಿಗೆ ಜಾಗ ಮಾಡಿಕೊಟ್ಟರು. ನಮ್ಮಲ್ಲಿ ನಡೆದದ್ದು ಇದರ ತಿರುಗುಮುರುಗು.

ಹೈದರಾಬಾದಿಗೆ ಕಡಲೂ ಇಲ್ಲ, ಹಿರಿಹೊಳೆಯೂ ಇಲ್ಲ. ಇಲ್ಲಿನ ನೀರೆಲ್ಲ ಕೆರೆಯ ನೀರು. ಕೆರೆಯೆಂದರೆ ಮನುಷ್ಯ ಕಟ್ಟಿದ್ದು. ಹುಸೇನ್ ಸಾಗರ ಹುಟ್ಟಿದ್ದು 1562ರ ಸುಮಾರಿಗೆ, ಇಬ್ರಾಹಿಂ ಕುಲಿ ಕುತುಬ್ ಷಾನ ಆಳಿಕೆಯಲ್ಲಿ, ಹುಸೇನ್ ಷಾ ವಲಿಯವರ ಮೇಲ್ವಿಚಾರಣೆಯಲ್ಲಿ. ಹೈದರಾಬಾದ್ ಎಂಬ ಊರು ಕಟ್ಟಿದ್ದು ಅದಾದ ಮೂರು ದಶಕಗಳ ಮೇಲೆ, 1591ರಲ್ಲಿ. ಅಂದರೆ ಊರಿಗಿಂತ ಕೆರೆಯೇ ಹಿರಿಯದು. ಈ ಇಬ್ರಾಹಿಂ ಅರಸನಿಗೂ ನಮ್ಮ ನಾಡಿಗೂ ಒಂದು ನಂಟುಂಟು. ಪಟ್ಟಕ್ಕೆ ಬರುವ ಮೊದಲು ಅಣ್ಣನಿಗೆ ಹೆದರಿ ಓಡಿಬಂದು ಏಳು ವರ್ಷ ಅವನು ವಿಜಯನಗರದಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿದ್ದ. ಕಮಲಾಪುರದ ಕೆರೆಯನ್ನೂ ತುಂಗಭದ್ರೆಯ ಕಾಲುವೆಗಳನ್ನೂ ಅವನು ಕಂಡಿರಲೇಬೇಕು. ಅದೇ ಅರಸ 1565ರಲ್ಲಿ ಆ ರಾಮರಾಯನ ವಿರುದ್ಧವೇ ರಣರಂಗಕ್ಕಿಳಿದದ್ದು ಇತಿಹಾಸದ ವಿಪರ್ಯಾಸ.

ಆ ಕಾಲದಲ್ಲಿ ಕೆರೆಯ ದಂಡೆಯೆಂದರೆ ಮನೆ ಕಟ್ಟುವ ಜಾಗವಲ್ಲ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂದು ನಾವು ಹೇಳುವ ಕೆರೆಯ ಅಂಗಾಂಗಗಳಿಗೆ ಇಲ್ಲಿಯೂ ಹೆಸರುಗಳುಂಟು. ನಮ್ಮ ತೂಬು ಇವರಿಗೆ ತೂಮು. ನಮ್ಮ ಕೋಡಿ ಇವರ ಅಲುಗು. ನೀರು ಇಳಿದಾಗ ಬೇಸಾಯಕ್ಕೆ ಒದಗುವ ಕೆರೆಯಂಗಳದ ನೆಲಕ್ಕೆ ಶಿಖಂ ಎನ್ನುತ್ತಾರೆ. ಬೇಸಗೆಯಲ್ಲಿ ಅಲ್ಲಿ ರೈತ ಉಳುತ್ತಿದ್ದ, ಮಳೆಗಾಲದಲ್ಲಿ ಅದನ್ನು ನೀರಿಗೆ ಬಿಟ್ಟುಕೊಡುತ್ತಿದ್ದ. ನೆಲ ಒಂದೇ, ಒಡೆಯರು ಇಬ್ಬರು: ಆರು ತಿಂಗಳು ರೈತ, ಆರು ತಿಂಗಳು ನೀರು. ಈ ಒಪ್ಪಂದ ಕಾಗದದ ಮೇಲಿರಲಿಲ್ಲ. ಆದರೂ ಎಲ್ಲರಿಗೂ ಗೊತ್ತಿತ್ತು.

ಕೆರೆಯ ಮೇಲೆ ವಿನೋದಕ್ಕಾಗಿ ದೋಣಿ ಬಿಡುವ ರೂಢಿಯನ್ನು ಬೆಳೆಸಿದವರು ದಂಡಿನವರು. 1798ರ ಒಪ್ಪಂದದ ಮೇಲೆ ಬ್ರಿಟಿಷ್ ಸೈನ್ಯ ಹುಸೇನ್ ಸಾಗರದ ಉತ್ತರಕ್ಕೆ ಬೀಡುಬಿಟ್ಟಿತು. 1806ರಲ್ಲಿ ಆ ದಂಡುಪ್ರದೇಶಕ್ಕೆ ನಿಜಾಮ ಸಿಕಂದರ್ ಜಾಹನ ಹೆಸರಿನಿಂದ ಸಿಕಂದರಾಬಾದ್ ಎಂದು ಹೆಸರಾಯಿತು. ಬೆಂಗಳೂರಿನಲ್ಲಿ 1809ರಲ್ಲಿ ಹಲಸೂರು ಕೆರೆಯ ಬಳಿ ದಂಡು ಬಂದು ನಿಂತ ಕಥೆಯೂ ಇದೇ. ದಂಡು ಇದ್ದಲ್ಲಿ ಕ್ಲಬ್ಬು, ಕ್ಲಬ್ಬು ಇದ್ದಲ್ಲಿ ಗೇಟು. ಕೆರೆಯ ನೀರನ್ನು ಊರವರೆಲ್ಲ ಕುಡಿಯುತ್ತಿದ್ದರು. ಅದೇ ಕೆರೆಯಲ್ಲಿ ಹಾಯಿ ಬಿಚ್ಚುವ ಭಾಗ್ಯ ಮಾತ್ರ ಗೇಟಿನೊಳಗಿನವರದು. ಕೆರೆಯ ಸಿಕಂದರಾಬಾದ್ ಕಡೆಯ ಮಗ್ಗುಲಿಗೆ ಬೋಟ್ಸ್ ಕ್ಲಬ್ ಎಂಬ ಹೆಸರು ಇಂದಿಗೂ ಉಳಿದಿದೆ.

ಇನ್ನು 1908ರ ಮಾತು. ಆ ವರ್ಷ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದು ಹೈದರಾಬಾದನ್ನು ನುಂಗಿತು. ಸುಮಾರು 15,000 ಜನ ಸತ್ತರೆಂಬ ಅಂದಾಜಿದೆ. ಅಫ್ಜಲ್‌ಗಂಜಿನ ಬಳಿ ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಿಸೆಮರವನ್ನು ಹತ್ತಿ ನೂರೈವತ್ತರಷ್ಟು ಜನ ಜೀವ ಉಳಿಸಿಕೊಂಡರಂತೆ. ಈ ದುರಂತದ ಮೇಲೆ ನಿಜಾಮರ ಸರ್ಕಾರ ಕರೆಸಿಕೊಂಡದ್ದು ನಮ್ಮವರೇ ಆದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಮುಂಬಯಿ ಸರ್ಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ಅವರು 1909ರಲ್ಲಿ ಇಲ್ಲಿಗೆ ಬಂದರು. ಅದೇ ವರ್ಷದ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಹೋದರು. ಇಲ್ಲಿದ್ದ ಆ ಕೆಲವು ತಿಂಗಳುಗಳಲ್ಲಿ ಅವರು ಮಾಡಿದ ಮೊದಲ ಕೆಲಸ ಲೆಕ್ಕ ಹಾಕುವುದು. ಮೂಸಿಯ ಜಲಾನಯನ ಪ್ರದೇಶದಲ್ಲಿದ್ದ ಕೆರೆಗಳು 788. ಆ ಮಳೆಯಲ್ಲಿ ಒಡೆದವು 221. ಒಂದು ಕೆರೆ ಒಡೆದು ಕೆಳಗಿನ ಕೆರೆಯನ್ನು ಒಡೆಯಿತು, ಅದು ಅದರ ಕೆಳಗಿನದನ್ನು. ಹೀಗೆ ಸರಪಳಿ ಹರಿದ ನೀರೆಲ್ಲ ಒಟ್ಟಾಗಿ ಊರಿಗೆ ನುಗ್ಗಿತ್ತು.

ಅವರು ಸೂಚಿಸಿದ ಮದ್ದೂ ಸರಳವಾದದ್ದೇ: ಊರಿಗಿಂತ ಮೇಲೆ, ನೀರು ಬಂದು ನಿಲ್ಲಲು ಜಾಗ ಮಾಡಿ. ಅದರ ಫಲವೇ 1920ರಲ್ಲಿ ಮುಗಿದ ಉಸ್ಮಾನ್ ಸಾಗರ ಮತ್ತು 1927ರಲ್ಲಿ ಮುಗಿದ ಹಿಮಾಯತ್ ಸಾಗರ. ಪ್ರವಾಹವನ್ನು ತಡೆಯಲು ಕಟ್ಟಿದ ಈ ಎರಡು ಜಲಾಶಯಗಳು ಊರಿಗೆ ಕುಡಿಯುವ ನೀರನ್ನೂ ಕೊಟ್ಟವು. ಕನ್ನಡಂಬಾಡಿಯ ಮುಂದೆ ನಿಂತು ಎದೆಯುಬ್ಬಿಸುವ ನಾವು ಗಂಡಿಪೇಟೆಯ ಮುಂದೆ ನಿಂತಾಗಲೂ ಹಾಗೆಯೇ ಹೆಮ್ಮೆ ಪಡಬಹುದು. ಆದರೆ ಹೆಮ್ಮೆಪಟ್ಟರೆ ಸಾಲದು. ಆ ಲೆಕ್ಕದ ಪಾಠ ಕಲಿತಿದ್ದೇವೆಯೇ ಎಂಬುದು ಪ್ರಶ್ನೆ.

ಕಲಿತಿಲ್ಲವೆಂದೇ ಹೇಳಬೇಕು. ಊರು ಬೆಳೆದಂತೆ ಕೆರೆಗಳು ಹೆಸರಿನಲ್ಲಿ ಮಾತ್ರ ಉಳಿದವು. ಮಾಸಾಬ್ ಟ್ಯಾಂಕಿನಲ್ಲಿ ಟ್ಯಾಂಕು ಎಲ್ಲಿದೆಯೆಂದು ಮಕ್ಕಳು ಕೇಳಿದರೆ ಏನು ತೋರಿಸೋಣ? ಒಂದು ಕಾಲಕ್ಕೆ ಗೋಲ್ಕೊಂಡ ಕೋಟೆಗೆ ನೀರು ಕೊಟ್ಟ ದುರ್ಗಂ ಚೆರುವಿನ ಸುತ್ತ ಇಂದು ಬಹುಮಹಡಿ ಕಟ್ಟಡಗಳ ಸಾಲು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ಸುತ್ತ ಹತ್ತು ಕಿಲೋಮೀಟರಿನೊಳಗೆ ದೊಡ್ಡ ಕಟ್ಟಡಗಳನ್ನೂ ಕಾರ್ಖಾನೆಗಳನ್ನೂ ನಿರ್ಬಂಧಿಸಿದ 1996ರ 111ನೆಯ ಸರ್ಕಾರಿ ಆದೇಶದ ಕಟ್ಟುಪಾಡುಗಳನ್ನು 2022ರಲ್ಲಿ 69ನೆಯ ಆದೇಶ ತೆಗೆದುಹಾಕಿತು. ಶಿಖಂ ನೆಲದ ಒಡೆಯರಲ್ಲಿ ನೀರಿನ ಹೆಸರನ್ನು ಪಹಣಿಯಲ್ಲಿ ಯಾರೂ ಬರೆದಿರಲಿಲ್ಲವಲ್ಲ! ಪಟ್ಟಾ ಇದ್ದವನು ಮಾರಿದ, ಕೊಂಡವನು ಮಣ್ಣು ತುಂಬಿದ, ಮಣ್ಣಿನ ಮೇಲೆ ಕಾಂಪೌಂಡು ಎದ್ದಿತು, ಕಾಂಪೌಂಡಿಗೆ ಗೇಟು ಬಂತು. ಪರದೇಶದವರು ನೆಲ ಅಗೆದು ನೀರು ತಂದರೆ, ನಾವು ನೀರನ್ನು ಹೂತು ನೆಲ ಮಾಡಿಕೊಂಡೆವು.

ಗೇಟಿನ ಹೊರಗೆ ನಿಲ್ಲಿಸಿದ ನೀರು ಸುಮ್ಮನಿರಲಿಲ್ಲ. 2020ರ ಅಕ್ಟೋಬರ್ 13ರ ಮಳೆಯನ್ನು ನಾವು ಯಾರೂ ಮರೆಯಲಾರೆವು. ಆ ದಿನ ನಮ್ಮ ಪೂರ್ವಕ್ಕಿರುವ ಘಟ್‌ಕೇಸರದ ಕಡೆ, ಸಿಂಗಪುರ್ ಟೌನ್‌ಶಿಪ್ಪಿನ ಮಳೆಮಾಪಕದಲ್ಲಿ 32 ಸೆಂಟಿಮೀಟರು ಮಳೆ ದಾಖಲಾಯಿತು. ಟೋಲಿಚೌಕಿಯ ನದೀಂ ಕಾಲನಿಯಲ್ಲಿ ಜನರನ್ನು ಮನೆಗಳಿಂದ ದೋಣಿಯಲ್ಲಿ ಕರೆತರಬೇಕಾಯಿತು. ಅದಾದ ಕೆಲವೇ ದಿನಗಳಲ್ಲಿ ಬಾಲಾಪುರದ ಕಡೆಯ ಗುರ್ರಂ ಚೆರುವಿನ ಏರಿ ಒಡೆದು ಹಳೆಯ ಊರಿನ ಬಡಾವಣೆಗಳು ಮತ್ತೆ ಮುಳುಗಿದವು.

ಇದು ಬಡವರ ಪಾಡು ಮಾತ್ರವೆಂದು ತಿಳಿದವರಿಗೆ ಬೆಂಗಳೂರು ಉತ್ತರ ಕೊಟ್ಟಿತು. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್, ಯಮಲೂರಿನ ಎಪ್ಸಿಲಾನ್ ಮುಂತಾದ ಶ್ರೀಮಂತ ಕಾವಲು ಬಡಾವಣೆಗಳೊಳಗೆ ಕೆರೆ ಮತ್ತು ರಾಜಕಾಲುವೆಗಳ ನೀರು ನುಗ್ಗಿತು. ಕೋಟಿ ಬೆಲೆಯ ಕಾರುಗಳು ಮುಳುಗಿ ನಿಂತವು. ಮುದುಕರು, ಮಕ್ಕಳು, ಸಾಕುನಾಯಿಗಳು ದೋಣಿಯಲ್ಲೂ ಟ್ರ್ಯಾಕ್ಟರಿನಲ್ಲೂ ಹೊರಬಂದರು. ನಮ್ಮಲ್ಲಿ ಎಷ್ಟೋ ಮಂದಿಯ ಮಕ್ಕಳೂ ತಮ್ಮ ತಂಗಿಯರೂ ಬೆಂಗಳೂರಿನ ಆ ಭಾಗದಲ್ಲೇ ಇರುವುದರಿಂದ ಆ ವಾರವೆಲ್ಲ ಫೋನು ಕೆಳಗಿಟ್ಟವರಿಲ್ಲ. ಕಾವಲು ಬಾಗಿಲೊಳಗೆ ದೋಣಿವಿಹಾರವೆಂಬ ಕರಪತ್ರದ ಕನಸು ಹೀಗೂ ನನಸಾಗಬಹುದೆಂದು ಯಾರು ಎಣಿಸಿದ್ದರು?

ಹಾಗೆಂದು ಕೆರೆಯಲ್ಲಿ ದೋಣಿಯೇ ಬೇಡವೆಂದು ನಾವು ಹೇಳುವುದಿಲ್ಲ. ಹುಸೇನ್ ಸಾಗರದ ದೋಣಿಗಳ ಕಥೆಗೆ ಒಂದು ಒಳ್ಳೆಯ ಅಧ್ಯಾಯವೂ ಸೇರಿದೆ. ಸೈನ್ಯದ ಇ.ಎಂ.ಇ. ಸೇಲಿಂಗ್ ಅಸೋಸಿಯೇಷನ್ನಿನ ಆಶ್ರಯದಲ್ಲಿ ಮಳೆಗಾಲದ ಗಾಳಿ ಬೀಸುವಾಗ ಹೈದರಾಬಾದ್ ಸೇಲಿಂಗ್ ವೀಕ್ ಎಂಬ ಪಂದ್ಯಗಳು ನಡೆಯುತ್ತ ಬಂದಿವೆ. ಈಚಿನ ವರ್ಷಗಳಲ್ಲಿ ಯಾಟ್ ಕ್ಲಬ್ ಆಫ್ ಹೈದರಾಬಾದ್ ಸಂಸ್ಥೆ ಬಡ ಬಸ್ತಿಗಳ ಮಕ್ಕಳಿಗೆ ಹಾಯಿದೋಣಿ ನಡೆಸುವುದನ್ನು ಕಲಿಸಿದೆ. ಹಾಗೆ ಕಲಿತ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಪದಕಗಳನ್ನು ಗೆದ್ದು ತಂದಿದ್ದಾರೆ. ಒಂದು ಕಾಲಕ್ಕೆ ದಂಡಿನ ಸಾಹೇಬರಿಗೆ ಮೀಸಲಾಗಿದ್ದ ಆಟವನ್ನು ಇಂದು ಬಸ್ತಿಯ ಹುಡುಗಿ ಆಡುತ್ತಾಳೆಂದರೆ ಅದು ಸಣ್ಣ ಮಾತಲ್ಲ. ಆದರೆ ಅವಳ ದೋಣಿ ತೇಲುವ ನೀರಿಗೆ ಊರಿನ ಕೊಳಚೆಯನ್ನು ಬಿಟ್ಟವರು ಗೇಟುಗಳ ಒಳಗಿನ ನಾವೇ ಎಂಬುದನ್ನು ಮರೆಯುವಂತಿಲ್ಲ.

ಕಡೆಗೆ ನಮ್ಮ ನಾಚಾರಂಗೆ ಬರೋಣ. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಎಚ್.ಎಂ.ಟಿ.ಯ ಹೆಸರು ಹೊತ್ತ ಎಚ್.ಎಂ.ಟಿ. ನಗರ ಇಲ್ಲಿಯೇ ಉಂಟು. ಅದರ ಮಗ್ಗುಲಿಗೇ ನಾಚಾರಂ ಪೆದ್ದ ಚೆರುವು. ಹೆಸರೇನೋ ದೊಡ್ಡ ಕೆರೆ. ನಮ್ಮಲ್ಲಿ ಎಷ್ಟು ಮಂದಿ ಅದರ ಏರಿಯ ಮೇಲೆ ಒಮ್ಮೆಯಾದರೂ ನಡೆದಿದ್ದೇವೆ? ಅದರ ಅಲುಗು ಎಲ್ಲಿದೆ, ತುಂಬಿದರೆ ನೀರು ಯಾವ ಬೀದಿಯಲ್ಲಿ ಹರಿದು ಮೂಸಿಯ ಕಡೆಗೆ ಹೋಗುತ್ತದೆ ಎಂದು ಎಷ್ಟು ಮಂದಿಗೆ ಗೊತ್ತು? ಹುಟ್ಟೂರಿನ ಕೆರೆಯ ಕೋಡಿ ಬಿದ್ದ ಸುದ್ದಿ ಬಂದರೆ ಸಂತೋಷಪಡುವ ನಾವು, ಮೂವತ್ತು ನಲವತ್ತು ವರ್ಷ ನೀರು ಕುಡಿದ ಊರಿನ ಕೆರೆಯ ಬಗ್ಗೆ ಪರಕೀಯರಂತೆ ಇದ್ದುಬಿಟ್ಟಿದ್ದೇವೆ.

ಕಾನೂನು ಇಲ್ಲದಿಲ್ಲ. ಕೆರೆ ಪೂರ್ತಿ ತುಂಬಿದಾಗ ನೀರು ನಿಲ್ಲುವ ಗೆರೆಗೆ ಎಫ್.ಟಿ.ಎಲ್. ಎನ್ನುತ್ತಾರೆ. 2012ರ ಕಟ್ಟಡ ನಿಯಮಗಳಂತೆ ಹತ್ತು ಹೆಕ್ಟೇರಿಗೆ ಮೇಲ್ಪಟ್ಟ ಕೆರೆಗಳಲ್ಲಿ ಆ ಗೆರೆಯಿಂದಾಚೆಗೆ 30 ಮೀಟರು, ಸಣ್ಣ ಕುಂಟೆಗಳಲ್ಲಿ 9 ಮೀಟರು ಬರಿದಾಗಿ ಬಿಡಬೇಕು. 2024ರಲ್ಲಿ ಸರ್ಕಾರ ಸ್ಥಾಪಿಸಿದ ಹೈಡ್ರಾ ಸಂಸ್ಥೆ ಈ ಗೆರೆಯೊಳಗಿನ ಕಟ್ಟಡಗಳನ್ನು ಕೆಡವತೊಡಗಿದಾಗ ಊರೆಲ್ಲ ಗದ್ದಲವೆದ್ದಿತು. ಅಂಬರ್‌ಪೇಟೆಯಲ್ಲಿ ಹೂತುಹೋಗಿದ್ದ ಬತುಕಮ್ಮ ಕುಂಟೆ 2025ರಲ್ಲಿ ಮತ್ತೆ ನೀರು ಕಂಡಿತೆಂಬುದು ಸಂತೋಷದ ಸಂಗತಿ. ಆದರೆ ಮನೆ ಕಳೆದುಕೊಂಡವರ ಸಂಕಟವೂ ಸುಳ್ಳಲ್ಲ. ಅವರಲ್ಲಿ ಅನೇಕರು ಜೀವಮಾನದ ಉಳಿತಾಯ ಸುರಿದು, ನೋಂದಣಿ ಪತ್ರ ನೋಡಿ, ನಂಬಿ ಕೊಂಡವರು. ನಾಳೆ ಆ ಸ್ಥಾನದಲ್ಲಿ ನಾವೇ ನಿಲ್ಲಬಾರದೆಂದರೆ ಕೊಳ್ಳುವ ಮುನ್ನವೇ ಎಚ್ಚರವಿರಬೇಕು.

ಆದ್ದರಿಂದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಕೆರೆ ಕಾಣುವ ಮನೆ ಕೊಳ್ಳಿರಿ, ಬೇಡವೆನ್ನುವುದಿಲ್ಲ. ಆದರೆ ಬಾಲ್ಕನಿಯಿಂದ ಕೆರೆ ಕಾಣುವುದೇ ಎಂದು ಕೇಳುವ ಮೊದಲು, ಕೆರೆಯ ಗೆರೆಯಿಂದ ಮನೆ ಎಷ್ಟು ದೂರ, ಮೇಲಿನ ಕೆರೆ ಯಾವುದು, ನೀರು ಬರುವ ನಾಲೆ ಎಲ್ಲಿ, ಹೋಗುವ ದಾರಿ ಎಲ್ಲಿ ಎಂದು ಕೇಳಿರಿ. ಕಾಗದಪತ್ರವನ್ನು ವಕೀಲರಿಗೆ ತೋರಿಸಿದಂತೆ, ಹಳೆಯ ನೆಲವನ್ನು ಬಲ್ಲ ಆ ಊರಿನ ಒಬ್ಬ ಹಿರಿಯರನ್ನೂ ವಿಚಾರಿಸಿರಿ. ಬಿಡುವಿನ ಒಂದು ಬೆಳಗ್ಗೆ ಮಕ್ಕಳನ್ನು ಕರೆದುಕೊಂಡು ಪೆದ್ದ ಚೆರುವಿನ ಏರಿಯ ಮೇಲೆ ನಡೆದು ಬನ್ನಿರಿ. ಇದು ಏರಿ, ಇದು ತೂಬು, ಇದು ಕೋಡಿ ಎಂದು ಕನ್ನಡದಲ್ಲಿಯೇ ತೋರಿಸಿಕೊಡಿರಿ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಮುದ್ದೇನಹಳ್ಳಿಯಿಂದ ಬಂದ ಒಬ್ಬ ಕನ್ನಡಿಗರು ಈ ಊರಿನ 788 ಕೆರೆಗಳನ್ನು ಎಣಿಸಿ ಹೋದರು. ಅವರ ನಾಡಿನವರಾದ ನಾವು ನಮ್ಮ ಮನೆಯ ಪಕ್ಕದ ಒಂದನ್ನಾದರೂ ಅರಿತಿರಬೇಡವೇ?