ಕೋಶದಿಂದ ಕೋಶಕ್ಕೆ

2021ರಲ್ಲಿ ಕೋವಿಡ್ ಎರಡನೇ ಅಲೆಯ ಬೆನ್ನಿಗೇ ಕಪ್ಪು ಶಿಲೀಂಧ್ರ ಬಂತು. ಮನೆಯವರು ವೈದ್ಯರ ಚೀಟಿ ಹಿಡಿದು ಔಷಧದಂಗಡಿಗಳಿಗೆ ಅಲೆದ ದಿನಗಳವು. ಪತ್ರಿಕೆಗಳಲ್ಲಿ ದಿನವೂ ಅದೇ ಹೆಸರು: ಲೈಪೋಸೋಮಲ್ ಆಂಫೊಟೆರಿಸಿನ್-ಬಿ. ಗ್ರೀಕಿನಲ್ಲಿ ಲೈಪೋಸೋಮ್ ಎಂದರೆ ಕೊಬ್ಬಿನ ಮೈ. ಮದ್ದನ್ನು ತನ್ನಲ್ಲಿಟ್ಟುಕೊಳ್ಳುವ ಅದರ ಕೆಲಸ ನೋಡಿದರೆ, ಅದಕ್ಕೆ ಒಪ್ಪುವ ಪದ ನಮ್ಮಲ್ಲಿ ಮೊದಲೇ ಇದೆ: ಕೋಶ.

ಸಂಸ್ಕೃತದಿಂದ ಬಂದ ಈ ಪದ ಎಷ್ಟೊಂದನ್ನು ಒಳಗಿಟ್ಟುಕೊಂಡಿದೆ! ಕತ್ತಿಯ ಒರೆ ಕೋಶ, ಹೂವಿನ ಮೊಗ್ಗು ಕೋಶ. ಕೌಟಿಲ್ಯ ಎಣಿಸಿದ ರಾಜ್ಯದ ಸಪ್ತಾಂಗಗಳಲ್ಲಿ ಕೋಶವೆಂದರೆ ಬೊಕ್ಕಸ. ನಿಘಂಟುಕಾರ ಅಮರಸಿಂಹನಲ್ಲಿ ಪದಗಳ ಬೊಕ್ಕಸ. ರೇಷ್ಮೆಗೂಡೂ ಕೋಶವೇ, ಅದರಿಂದ ಬಂದ ಬಟ್ಟೆ ಕೌಶೇಯ. ಕೋಶಕಾರ ಎಂದರೆ ನಿಘಂಟು ಕಟ್ಟುವವನೂ ಹೌದು, ರೇಷ್ಮೆಹುಳುವೂ ಹೌದು. ನಿಘಂಟುಕಾರರಿಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಸಿಕ್ಕಲಾರ.

ಆಮೇಲೆ ಪದ ಮೈಯೊಳಗೆ ಹೊಕ್ಕಿತು: ಶ್ವಾಸಕೋಶ, ಗರ್ಭಕೋಶ, ಮೂತ್ರಕೋಶ. 1665ರಲ್ಲಿ ರಾಬರ್ಟ್ ಹುಕ್ ಕಾರ್ಕ್ ತುಂಡಿನಲ್ಲಿ ಕಂಡ ಗುಳಿಗಳಿಗೆ 'ಸೆಲ್' ಎಂದ, ಅಂದರೆ ಪುಟ್ಟ ಕೋಣೆ. ಕನ್ನಡ ಜೀವಕೋಶ ಎಂದಿತು. ನನಗೆ ನಮ್ಮ ಪದವೇ ಹೆಚ್ಚು ನಿಜ ಅನ್ನಿಸುತ್ತದೆ. ಕೋಣೆ ಖಾಲಿ ಇರಬಹುದು; ಕೋಶ ಎಂದಾಗ ಒಳಗೇನೋ ಇದೆ ಎಂದೇ ಅರ್ಥ.

1960ರ ದಶಕದ ಆರಂಭದಲ್ಲಿ ಕೇಂಬ್ರಿಜ್ ಬಳಿಯ ಬೇಬ್ರಹಾಂನಲ್ಲಿ ಅಲೆಕ್ ಬ್ಯಾಂಗಮ್ ಮತ್ತು ರಾಬರ್ಟ್ ಹಾರ್ನ್ ನೀರು ಸೇರಿಸಿದ ಫಾಸ್ಫೋಲಿಪಿಡ್ಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೊಟ್ಟೆಯ ಹಳದಿಯಲ್ಲಿ ಹೇರಳವಾಗಿರುವ ಕೊಬ್ಬು ಅದು. ಅದರ ಅಣುವಿನ ತಲೆಗೆ ನೀರು ಬೇಕು, ಬಾಲಗಳಿಗೆ ಬೇಡ. ಬಾಲಗಳು ಒಳಸರಿದು ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ತಲೆಗಳು ಎರಡೂ ಬದಿ ನೀರಿಗೆ ಮುಖಮಾಡುತ್ತವೆ, ಅಂಚುಗಳು ಕೂಡಿ ಗುಳ್ಳೆಯಾಗುತ್ತದೆ. ಲೈಪೋಸೋಮ್ ಎಂದರೆ ಈ ಗುಳ್ಳೆಯೇ. ಯಾರೂ ಕಟ್ಟಬೇಕಿಲ್ಲ. ನಮ್ಮ ಜೀವಕೋಶದ ಪೊರೆಯ ರಚನೆಯೂ ಇದೇ. ಪೊರೆ ಎಂದರೆ ಕನ್ನಡದಲ್ಲಿ ಕಾಪಾಡು ಎಂದೂ ಆಗುತ್ತದೆ.

ಆಂಫೊಟೆರಿಸಿನ್ ಹಳೆಯ ಮದ್ದು. ಶಿಲೀಂಧ್ರವನ್ನು ಕೊಲ್ಲುತ್ತದೆ, ರೋಗಿಯ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಅದನ್ನು 100 ನ್ಯಾನೋಮೀಟರಿಗಿಂತ ಚಿಕ್ಕ ಲೈಪೋಸೋಮಿನಲ್ಲಿಟ್ಟರೆ ಆ ಹಾನಿ ಬಹಳ ತಗ್ಗುತ್ತದೆ. ಕೆಂಪು ರಕ್ತಕಣದ ಅಗಲ ಸುಮಾರು 7,000 ನ್ಯಾನೋಮೀಟರ್, ಹೋಲಿಸಿ ನೋಡಿ. ಇಲ್ಲಿ ಮದ್ದು ಕೂರುವುದು ಗುಳ್ಳೆಯ ಪೊಳ್ಳಿನಲ್ಲಲ್ಲ, ಪೊರೆಯಲ್ಲೇ. ಲೈಪೋಸೋಮ್ ಶಿಲೀಂಧ್ರದ ಕೋಶಭಿತ್ತಿಗೆ ಅಂಟಿದ ಮೇಲೆ ಮದ್ದು ಹೊರಬರುತ್ತದೆ. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡಾಕ್ಸಿಲ್ ಎಂಬ ಲೈಪೋಸೋಮಲ್ ಕ್ಯಾನ್ಸರ್ ಮದ್ದು ಮಾತ್ರ ನಿಜಕ್ಕೂ ಬೊಕ್ಕಸದಂತೆ, ಸರಕು ಒಳಗೇ.

ಪುಡಿ ತುಂಬಿದ ಸೀಸೆಯಲ್ಲಿ ಆಂಫೊಟೆರಿಸಿನ್ 50 ಮಿಲಿಗ್ರಾಂ, ಬಣ್ಣ ಹಳದಿ. ಕ್ರಿಮಿರಹಿತ ನೀರು ಹಾಕಿ ಅರ್ಧ ನಿಮಿಷ ಜೋರಾಗಿ ಕುಲುಕಬೇಕು. ಡ್ರಿಪ್ಪಿಗೆ ಬೆರೆಸುವುದು ಗ್ಲೂಕೋಸ್ ನೀರಿನಲ್ಲಿ. ಉಪ್ಪುನೀರು ಸೋಕಿದರೆ ಮದ್ದು ಒಡೆದು ಗಸಿಯಾಗಿ ಕೂರುತ್ತದೆ. 2021ರಲ್ಲಿ ವಾರ್ಡುಗಳಲ್ಲಿ ನರ್ಸುಗಳು ಹಗಲುರಾತ್ರಿ ಕುಲುಕಿದ್ದು ಇದನ್ನೇ.