ಲಕ್ಷದ್ವೀಪ ಪ್ರವಾಸ: ಯೋಜನೆ ಮತ್ತು ಮುಂಗಡ ಕಾಯ್ದಿರಿಸುವಿಕೆ

ಲಕ್ಷದ್ವೀಪವು ಅರಬ್ಬೀ ಸಮುದ್ರದಲ್ಲಿರುವ ಹವಳದ ದ್ವೀಪಗಳ ಸಮೂಹವಾಗಿದ್ದು, ಕೇಂದ್ರಾಡಳಿತ ಪ್ರದೇಶವಾಗಿರುತ್ತದೆ. ಇದರ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು.

ಪರವಾನಗಿ: 1967ರ ನಿಯಮಗಳನ್ವಯ ಪ್ರವಾಸಿಗರು ಪ್ರವೇಶ ಪರವಾನಗಿಯನ್ನು ಪಡೆಯತಕ್ಕದ್ದು. ಪರವಾನಗಿ ಇಲ್ಲದವರು ಟಿಕೆಟು ಹೊಂದಿದ್ದರೂ ದ್ವೀಪಗಳನ್ನು ಪ್ರವೇಶಿಸುವಂತಿಲ್ಲ. ಅರ್ಜಿಯ ಪರಿಶೀಲನೆಗೆ ಕಾಲಾವಕಾಶ ಬೇಕಾಗುವುದರಿಂದ, ಹಣ ಹಿಂದಿರುಗಿಸಲಾಗದ ಟಿಕೆಟುಗಳನ್ನು ಪರವಾನಗಿ ದೊರೆತ ನಂತರವೇ ಖರೀದಿಸುವುದು ಸೂಕ್ತ.

ಪ್ರಯಾಣ: ಕೊಚ್ಚಿಯಿಂದ ಅಗತ್ತಿ ದ್ವೀಪಕ್ಕೆ ವಿಮಾನ ಸೌಲಭ್ಯವಿರುತ್ತದೆ. ಹಡಗಿನ ಪ್ರಯಾಣಕ್ಕೆ ದ್ವೀಪದ ದೂರಕ್ಕನುಗುಣವಾಗಿ ಸುಮಾರು 14ರಿಂದ 20 ಗಂಟೆ ತಗಲುತ್ತದೆ.

ಸೂಕ್ತ ಕಾಲ: ಅಕ್ಟೋಬರ್‌ನಿಂದ ಮೇ ಮಧ್ಯಭಾಗದವರೆಗೆ. ಮುಂಗಾರಿನಲ್ಲಿ ಕಡಲು ಪ್ರಕ್ಷುಬ್ಧವಾಗಿರುವುದರಿಂದ ಹಡಗು ಸಂಚಾರ ವ್ಯತ್ಯಯಗೊಳ್ಳಬಹುದು. ಮರುಪ್ರಯಾಣಕ್ಕೆ ಒಂದೆರಡು ದಿನ ಹೆಚ್ಚುವರಿಯಾಗಿ ಇಟ್ಟುಕೊಳ್ಳುವುದು ಒಳಿತು.

ಎಚ್ಚರಿಕೆ: ಹವಳವು 1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮದಡಿ ಸಂರಕ್ಷಿತವಾಗಿದ್ದು, ಅದರ ಸಂಗ್ರಹಣೆಯು ದಂಡನೀಯ ಅಪರಾಧವಾಗಿರುತ್ತದೆ.